ಎತ್ತಿಗೆ ಜ್ವರ, ಎಮ್ಮೆಗೆ ಬರೆ: ಚಳಿಗಾಲ ಕಳೆದು ನೀರಿಗಿಳಿದ ಜೆಟ್ ಬೋಟ್

ಎಲ್ಲರಿಗೂ ನಮಸ್ಕಾರ.

ಚಳಿಗಾಲವಿಡೀ ಶೆಡ್ಡಿನಲ್ಲಿ ಹೊದ್ದು ಮಲಗಿದ್ದ ಜೆಟ್ ಬೋಟನ್ನು ನೀರಿಗಿಳಿಸುತ್ತೀರಿ. ಎಂಜಿನ್ ಒಂದೇ ಸಲಕ್ಕೆ ಸ್ಟಾರ್ಟ್ ಆಗುತ್ತದೆ. ಸ್ವಲ್ಪ ಹೊತ್ತು ಹೊಗೆ ಉಗುಳುತ್ತದೆ, ಅದು ಕಳೆದ ಸಲ ಸಿಲಿಂಡರಿಗೆ ಸಿಂಪಡಿಸಿದ್ದ ಎಣ್ಣೆ, ಗಾಬರಿ ಬೇಡ. ದಡ ಬಿಟ್ಟು ಥ್ರಾಟಲ್ ಪೂರ್ತಿ ಒತ್ತಿದಾಗ ಬೋಟು ಮೂತಿ ಮೇಲೆತ್ತಿಕೊಂಡು ತೆವಳುತ್ತದೆ, ಹಾರುವುದಿಲ್ಲ.

ಮಾಲೀಕರ ಕೈ ತಕ್ಷಣ ಹೋಗುವುದು ಸ್ಪಾರ್ಕ್ ಪ್ಲಗ್ಗಿಗೆ. ಆಮೇಲೆ ಫಿಲ್ಟರ್, ಆಮೇಲೆ ಎಂಜಿನ್ನಿಗೆ ಪೆಟ್ರೋಲು ಎಳೆದುಕೊಡುವ ಪೆಟ್ರೋಲ್ ಪಂಪ್. ದುಡ್ಡು ಕರಗುತ್ತದೆ, ಕಾಯಿಲೆ ಹಾಗೇ ಇರುತ್ತದೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆಯುವುದು ಎಂದರೆ ಇದೇ. ಇಲ್ಲಿ ಒಂದು ಎಂಜಿನ್, ಇನ್ನೊಂದು ಜೆಟ್ ಪಂಪ್. ಜ್ವರ ಯಾರಿಗೆ ಬಂದಿದೆ ಎಂದು ತಿಳಿಯುವ ಮೊದಲು ಸ್ಪ್ಯಾನರ್ ಮುಟ್ಟಬೇಡಿ.

ಪ್ರೊಪೆಲ್ಲರ್ ಬಡಿದು ಮುರಿಯುವ ಆಳವಿಲ್ಲದ, ಕಲ್ಲು ತುಂಬಿದ ನದಿಗಳಿಗಾಗಿ ನ್ಯೂಜಿಲೆಂಡಿನ ಬಿಲ್ ಹ್ಯಾಮಿಲ್ಟನ್ 1950ರ ದಶಕದಲ್ಲಿ ಈ ಬೋಟನ್ನು ಪಳಗಿಸಿದರು. 1960ರಲ್ಲಿ ಅವರ ಜೆಟ್ ಬೋಟುಗಳು ಗ್ರ್ಯಾಂಡ್ ಕ್ಯಾನ್ಯನ್‌ನಲ್ಲಿ ಕೊಲೊರಾಡೊ ನದಿಯ ಸೆಳೆತಕ್ಕೆ ಎದುರಾಗಿ ಏರಿದವು. ತಳದ ಬಾಯಿಯಿಂದ ನೀರು ಹೀರಿ, ಜೆಟ್ ಪಂಪಿನೊಳಗಿನ ಇಂಪೆಲ್ಲರ್ ಎಂಬ ರೆಕ್ಕೆಚಕ್ರ ಅದನ್ನು ಹಿಂದಿನ ಕಿರಿದಾದ ನಾಜಲ್ ಮೂಲಕ ಚಿಮ್ಮಿಸುತ್ತದೆ. ಆ ಚಿಮ್ಮುವಿಕೆಯೇ ಬೋಟನ್ನು ಮುಂದಕ್ಕೆ ತಳ್ಳುವುದು.

ಈ ಪಂಪಿಗೆ ಒಂದು ಒಳ್ಳೆಯ ಗುಣವಿದೆ. ಬೋಟು ನಿಂತಿರಲಿ, ಓಡುತ್ತಿರಲಿ, ಎಂಜಿನ್ ಮೇಲೆ ಅದು ಹೇರುವ ಹೊರೆ ಹೆಚ್ಚುಕಡಿಮೆ ಒಂದೇ. ಹಾಗಾಗಿ ಪೂರ್ತಿ ಥ್ರಾಟಲ್‌ನಲ್ಲಿ, ಎಂಜಿನ್ನಿನ ಸುತ್ತು ಎಣಿಸುವ ಟ್ಯಾಕೋಮೀಟರ್ ತೋರಿಸುವ ಸಂಖ್ಯೆ ವೈದ್ಯರು ನೋಡುವ ನಾಡಿಯಿದ್ದಂತೆ. ಪಂಪು ಬೇಡುವ ಶಕ್ತಿ ಅದು ಸುತ್ತುವ ವೇಗದ ಘನಕ್ಕೆ ತಕ್ಕಂತೆ ಏರುತ್ತದೆ. ಹೋದ ವರ್ಷ ನಿಮಿಷಕ್ಕೆ 4,800 ಸುತ್ತು ತೋರಿಸುತ್ತಿದ್ದ ಮುಳ್ಳು ಈಗ 3,600ಕ್ಕೆ ನಿಂತರೆ ಕಾಲು ಭಾಗವಷ್ಟೇ ಕಡಿಮೆಯಾಯಿತು ಎನ್ನಬೇಡಿ. ಪಂಪಿಗೆ ತಲುಪುತ್ತಿರುವ ಶಕ್ತಿ ಅರ್ಧಕ್ಕಿಂತಲೂ ಕೆಳಗೆ ಇಳಿದಿದೆ. ಆಗ ಜ್ವರ ಎಂಜಿನ್ನಿಗೆ. ಸುತ್ತು ಮೊದಲಿನಷ್ಟೇ ಇದ್ದು ಅಥವಾ ಇನ್ನೂ ಏರಿ, ಬೋಟು ಮಾತ್ರ ಓಡದಿದ್ದರೆ ಜ್ವರ ಪಂಪಿಗೆ. ಟ್ರೈಲರ್ ಮೇಲೆ ನಿಲ್ಲಿಸಿ ಎಂಜಿನ್ನಿನ ಸದ್ದು ಕೇಳಿ ತೀರ್ಪು ಕೊಡುವವರೂ ಇದ್ದಾರೆ. ಗಾಳಿಯಲ್ಲಿ ತಿರುಗುವ ಇಂಪೆಲ್ಲರಿಗೆ ಹೊರೆಯೇ ಇಲ್ಲ, ಎಂಥ ರೋಗಿಷ್ಠ ಎಂಜಿನ್ನೂ ಅಲ್ಲಿ ಸಿಂಹದಂತೆ ಗರ್ಜಿಸುತ್ತದೆ.

ಪಂಪಿನ ಕಡೆ ನೋಡುವುದು ಸುಲಭ. ಟಾರ್ಚ್ ಹಿಡಿದು ತಳದ ಜಾಲರಿಯೊಳಗೆ ಇಣುಕಿ. ಹಗ್ಗದ ತುಂಡು, ಎಲೆ, ಇಲಿಯ ಗೂಡು ಸಿಗಬಹುದು. ಇಂಪೆಲ್ಲರ್ ಅಂಚಿಗೂ ಅದರ ಸುತ್ತಲಿನ ಬಳೆಗೂ ನಡುವೆ ಕೂದಲೆಳೆಯಷ್ಟೇ ಸಂದು ಇರಬೇಕು. ಅದು ಹಿಗ್ಗಿದರೆ ನೀರು ಹಿಂದಕ್ಕೆ ಸೋರುತ್ತದೆ, ತಳ್ಳುವ ಬಲ ಕುಸಿಯುತ್ತದೆ. ಬಹಳ ಜನ ಮರೆಯುವುದು ರಿವರ್ಸ್ ಬಕೆಟ್ಟನ್ನು, ಅಂದರೆ ನಾಜಲ್ ಹಿಂದೆ ಇಳಿದು, ಚಿಮ್ಮುವ ನೀರನ್ನು ಮುಂದಕ್ಕೆ ತಿರುಗಿಸಿ ಬೋಟನ್ನು ಹಿಂದಕ್ಕೆ ಒಯ್ಯುವ ಮುಚ್ಚಳವನ್ನು. ಚಳಿಗಾಲದಲ್ಲಿ ಅದರ ಕೇಬಲ್ ಬಿಗಿದುಕೊಂಡು ಬಕೆಟ್ ಪೂರ್ತಿ ಮೇಲೇಳದೆ ನಾಲ್ಕು ಬೆರಳು ಜೋತುಬಿದ್ದಿದ್ದರೂ ಸಾಕು, ಚಿಮ್ಮುವ ನೀರು ಅದಕ್ಕೇ ಬಡಿದು ಅರ್ಧ ಬಲ ಅಲ್ಲೇ ಸತ್ತುಹೋಗುತ್ತದೆ.

ಚಳಿಗಾಲದ ನಂತರ ಸುತ್ತು ಇಳಿದಿದ್ದರೆ ನನ್ನ ಅನುಮಾನ ಮೊದಲು ಪೆಟ್ರೋಲಿನ ಮೇಲೆ. ಎಥೆನಾಲ್ ಬೆರೆತ ಪೆಟ್ರೋಲು ನೀರು ಹೀರುತ್ತದೆ. ಚಳಿ ಹೆಚ್ಚಿದಷ್ಟೂ ಅದಕ್ಕೆ ನೀರನ್ನು ಹಿಡಿದಿಟ್ಟುಕೊಳ್ಳುವ ಶಕ್ತಿ ಕುಗ್ಗುತ್ತದೆ. ಒಂದು ಹಂತದಲ್ಲಿ ಎಥೆನಾಲೂ ನೀರೂ ಒಂದಾಗಿ ಬೇರ್ಪಟ್ಟು ತಳ ಸೇರುತ್ತವೆ. ಎಂಜಿನ್ನಿಗೆ ಪೆಟ್ರೋಲು ಎಳೆಯುವ ಕೊಳವೆಯ ಬಾಯಿ ಇರುವುದೂ ಅಲ್ಲೇ. ಟ್ಯಾಂಕಿನ ತಳದಿಂದ ಒಂದಿಷ್ಟನ್ನು ಗಾಜಿನ ಬಾಟಲಿಗೆ ತೆಗೆದು ಹತ್ತು ನಿಮಿಷ ಅಲುಗಾಡಿಸದೆ ಇಡಿ. ಎರಡು ಪದರ ಕಂಡರೆ ಔಷಧಿ ಸುರಿದು ಪ್ರಯೋಜನವಿಲ್ಲ, ಟ್ಯಾಂಕ್ ಖಾಲಿ ಮಾಡಲೇಬೇಕು.

ಒಮ್ಮೆ ನಾನೇ ಎಮ್ಮೆಗೆ ಬರೆ ಎಳೆದಿದ್ದೇನೆ. ಒಂದು ಬೋಟು ಐದು ನಿಮಿಷ ಚೆನ್ನಾಗಿ ಓಡಿ, ಆಮೇಲೆ ಉಸಿರು ಕಟ್ಟಿದಂತೆ ಸೊರಗುತ್ತಿತ್ತು. ನಿಲ್ಲಿಸಿ ಚಹಾ ಕುಡಿದು ಬಂದರೆ ಮತ್ತೆ ಐದು ನಿಮಿಷ. ಫಿಲ್ಟರ್ ಬದಲಿಸಿದೆ, ಪೆಟ್ರೋಲ್ ಪಂಪ್ ಬದಲಿಸಿದೆ, ಎರಡು ದಿನ ಹಾಳುಮಾಡಿಕೊಂಡೆ. ಮೂರನೆಯ ದಿನ ಸುಮ್ಮನೆ ಪೆಟ್ರೋಲ್ ಎಷ್ಟಿದೆ ನೋಡೋಣವೆಂದು ಟ್ಯಾಂಕಿನ ಮುಚ್ಚಳ ತಿರುಗಿಸಿದೆ. ಸುಯ್ಯೆಂದು ಗಾಳಿ ಒಳಗೆ ನುಗ್ಗಿತು. ಟ್ಯಾಂಕಿಗೆ ಉಸಿರಾಡಲು ಇರುವ ಸಣ್ಣ ರಂಧ್ರದಲ್ಲಿ ಕಣಜವೊಂದು ಕಡಲೆಕಾಳಿನಷ್ಟು ಮಣ್ಣು ಮೆತ್ತಿ ಸಂಸಾರ ಹೂಡಿತ್ತು. ಪೆಟ್ರೋಲು ಹೊರಬಂದಷ್ಟೂ ಒಳಗೆ ನಿರ್ವಾತ ಬೆಳೆದು, ಪಂಪು ಎಷ್ಟು ಎಳೆದರೂ ಬರುತ್ತಿರಲಿಲ್ಲ. ತಂತಿಯ ತುದಿಯಿಂದ ಅದನ್ನು ಕೆದಕಿದೆ, ಬೋಟು ಹಾರಿತು. ಹೊಸ ಪಂಪಿನ ಬಿಲ್ಲನ್ನು ಮಾಲೀಕರಿಗೆ ತೋರಿಸುವ ಧೈರ್ಯ ನನಗಾಗಲಿಲ್ಲ.

ಉಳಿದವು ಚಿಲ್ಲರೆ. ಎಂಜಿನ್ ಆರಿಸಿ ಒಬ್ಬರು ಲಿವರ್ ಒತ್ತಲಿ, ಇನ್ನೊಬ್ಬರು ಥ್ರಾಟಲ್ ಪೂರ್ತಿ ತೆರೆಯುತ್ತದೆಯೇ ಎಂದು ನೋಡಲಿ. ಹೊಸ ಎಂಜಿನ್ನುಗಳಲ್ಲಿ ಬ್ಯಾಟರಿ ಸೊರಗಿದ್ದರೆ ಅಥವಾ ಸೆನ್ಸರಿನ ಕನೆಕ್ಟರ್ ಹಸಿರುಗಟ್ಟಿದ್ದರೆ ಕಂಪ್ಯೂಟರು ತಾನಾಗಿಯೇ ವೇಗವನ್ನು ಕಟ್ಟಿಹಾಕಬಹುದು. ಗಾಳಿ ಒಳಬರುವ ದಾರಿಯಲ್ಲಿ ಇಲಿ ಗೂಡು ಕಟ್ಟಿರುವುದೂ ಉಂಟು. ಗುಡ್ಡ ಅಗೆದು ಇಲಿ ಹಿಡಿದರು ಎಂದು ನಗುತ್ತೇವೆ, ಇಲ್ಲಿ ಇಲಿ ಸಿಕ್ಕರೆ ಗೆದ್ದಂತೆ. ಎಂಜಿನ್ ಆಯಿಲ್ ಹಾಲು ಬೆರೆಸಿದಂತೆ ಬೆಳ್ಳಗಿದ್ದರೆ ಮಾತ್ರ ಅಲ್ಲೇ ನಿಲ್ಲಿಸಿ. ಎಣ್ಣೆಗೆ ನೀರು ಸೇರಿದೆ ಎಂದರ್ಥ: ಚಳಿಗಾಲದಲ್ಲಿ ಎಂಜಿನ್ನಿನೊಳಗೆ ಉಳಿದ ನೀರು ಹೆಪ್ಪುಗಟ್ಟಿ, ಸುಮಾರು ಶೇಕಡ 9ರಷ್ಟು ಹಿಗ್ಗಿ ಎಂಜಿನ್ ಬ್ಲಾಕನ್ನೇ ಸೀಳಿರಬಹುದು.

ಹೊರಗೆ ಟ್ರೈಲರ್ ಮೇಲೆ ಒಂದು ಬೋಟಿದೆ, ಅದರ ತಳ ನೋಡೋಣ ಬನ್ನಿ. ಜಾಲರಿಯೊಳಗೆ ಕೈ ಹಾಕಲು ಹೆದರಬೇಡಿ, ಕೀಲಿ ನನ್ನ ಜೇಬಿನಲ್ಲಿದೆ.