ಬಾಂಬು ಎಲ್ಲಿ ತಪ್ಪಿತು, ಏಕೆ ತಪ್ಪಿತು: ಎರಿಟ್ರಿಯಾ–ಇಥಿಯೋಪಿಯಾ ಗಡಿಯುದ್ಧ

ಕೇಳುಗರಿಗೆ ನಮಸ್ಕಾರ.

2000ನೇ ಇಸವಿಯ ಮೇ 12ರಂದು ಈಶಾನ್ಯ ಆಫ್ರಿಕಾದ ಇಥಿಯೋಪಿಯಾದ ಸೇನೆ ಮೆರೆಬ್ ನದಿಯತ್ತಣಿಂದ ನೆರೆಯ ಎರಿಟ್ರಿಯಾದೊಳಕ್ಕೆ ನುಗ್ಗಿತು. ಬದ್ಮೆ ಎಂಬ ಸಣ್ಣ ಊರಿನ ಒಡೆತನದ ಜಗಳ 1998ರ ಮೇ ತಿಂಗಳಲ್ಲಿ ಯುದ್ಧವಾಗಿ, ಎರಡೂ ಕಡೆಯವರು ಕಂದಕ ತೋಡಿ ಕುಳಿತು ಎರಡು ವರ್ಷ ಕಳೆದಿತ್ತು. ಈ ಸಲ ಇಥಿಯೋಪಿಯಾ ಕಂದಕಗಳಿಗೆ ಎದೆಕೊಡುವ ಬದಲು ಕಾವಲು ಕಡಿಮೆಯಿದ್ದ ಕಡಿದಾದ ಬೆಟ್ಟಸಾಲಿನಲ್ಲಿ ಕಾಲಾಳುಗಳನ್ನು ಹತ್ತಿಸಿತು. ಮದ್ದುಗುಂಡು, ನೀರು ಹೊತ್ತದ್ದು ಕತ್ತೆಗಳು. ಮೇ 18ಕ್ಕೆ ಗಾಶ್–ಬರ್ಕಾ ಪ್ರಾಂತ್ಯದ ಮುಖ್ಯ ಪಟ್ಟಣ ಬರೆಂಟು ಎರಿಟ್ರಿಯಾದ ಕೈತಪ್ಪಿತು.

ಸೇನಾ ದೃಷ್ಟಿಯಿಂದ ಅದು ಜಾಣ ನಡೆ. ಆದರೆ ರಕ್ಷಣಾ ಸಾಲು ಇಷ್ಟು ಬೇಗ ಮುರಿದರೆ ಹಿಂದಿನ ಊರುಗಳಿಗೆ ಮುನ್ಸೂಚನೆ ಎಲ್ಲಿಂದ ಬರಬೇಕು? ಜನ ಹೊರಟದ್ದು ಕಾಲ್ನಡಿಗೆಯಲ್ಲಿ, ದನಕರು ಹೊಡೆದುಕೊಂಡು. 1998ರಲ್ಲೇ ಮನೆ ಕಳೆದುಕೊಂಡು ಶಿಬಿರ ಸೇರಿದ್ದವರು ಆ ಶಿಬಿರವನ್ನೂ ಬಿಟ್ಟು ಓಡಿದರು. ಸುಮಾರು 90,000 ಮಂದಿ ಗಡಿ ದಾಟಿ ಸುಡಾನಿಗೆ ಹೋದರು. ಗಾಶ್–ಬರ್ಕಾ ಎರಿಟ್ರಿಯಾದ ಕಣಜ. ಜೋಳ ಬೆಳೆಯುವ ನಾಡು. ಅಲ್ಲಿ ಮಳೆ ಹಿಡಿಯುವುದು ಜೂನ್ ಹೊತ್ತಿಗೆ. ಮೇ ತಿಂಗಳಲ್ಲಿ ಹೊಲ ಬಿಟ್ಟವನಿಗೆ ಆ ವರ್ಷದ ಬಿತ್ತನೆಯೇ ಇಲ್ಲ. ಗುಂಡಿನ ಸದ್ದು ನಿಂತರೂ ಅವನ ಮನೆಯ ಹಸಿವು ಮುಂದಿನ ಸುಗ್ಗಿಯವರೆಗೆ ನಿಲ್ಲುವುದಿಲ್ಲ.

ಈ ಯುದ್ಧದ ಒಂದು ವಿಶೇಷವನ್ನು ಹೇಳಲೇಬೇಕು. 2000ದ ಡಿಸೆಂಬರ್‌ನಲ್ಲಿ ಅಲ್ಜೀರ್ಸ್‌ನಲ್ಲಿ ಆದ ಒಪ್ಪಂದದಂತೆ ಹೇಗ್ ನಗರದಲ್ಲಿ ಒಂದು ಪರಿಹಾರ ಆಯೋಗ ಕುಳಿತು, ಎರಡೂ ದೇಶಗಳ ದೂರುಗಳನ್ನು ಒಂದೊಂದಾಗಿ ವಿಚಾರಿಸಿತು. ಹಾಗಾಗಿ ಯಾವ ಸಾವುನೋವಿನ ಹಿಂದೆ ಯಾವ ನಿರ್ಧಾರವಿತ್ತು ಎಂಬುದು ದಾಖಲೆಯಲ್ಲಿ ಸಿಗುತ್ತದೆ.

1998ರ ಜೂನ್ 5ರ ಮೆಕೆಲೆ ದಾಳಿಯನ್ನೇ ನೋಡಿ. ಎರಿಟ್ರಿಯಾದ ವಿಮಾನಗಳು ಆ ಇಥಿಯೋಪಿಯನ್ ನಗರದ ವಿಮಾನ ನಿಲ್ದಾಣವನ್ನು ಹೊಡೆಯಲು ಬಂದವು. ಆದರೆ ಒಂದಲ್ಲ, ಎರಡು ಹಾರಾಟಗಳ ಕ್ಲಸ್ಟರ್ ಬಾಂಬುಗಳು, ಅಂದರೆ ಹಲವು ಮರಿಬಾಂಬುಗಳನ್ನು ಚೆಲ್ಲುವ ಬಾಂಬುಗಳು, ಐದರ್ ಶಾಲೆಯ ಸುತ್ತಮುತ್ತ ಬಿದ್ದವು. 53 ನಾಗರಿಕರು ಸತ್ತರು, ಅವರಲ್ಲಿ 12 ಮಂದಿ ಶಾಲಾ ಮಕ್ಕಳು. 185 ಜನ ಗಾಯಗೊಂಡರು. ಶಾಲೆಯೇ ಗುರಿಯಾಗಿತ್ತು ಎಂದು ಆಯೋಗ ಒಪ್ಪಲಿಲ್ಲ. ಆದರೆ ಇಬ್ಬರು ಪೈಲಟ್‌ಗಳು ಒಂದೇ ಜಾಗದಲ್ಲಿ ಒಂದೇ ತಪ್ಪು ಮಾಡುವುದು ಹೇಗೆ? ವಿಮಾನದ ಕಂಪ್ಯೂಟರ್‌ಗೆ ಗುರಿಯ ಲೆಕ್ಕ ತುಂಬುವವರೂ ಪೈಲಟ್‌ಗಳೂ ತೀರ ಹೊಸಬರು. ಅವಸರದಲ್ಲಿ ಎರಡೂ ವಿಮಾನಗಳಿಗೆ ಒಂದೇ ತಪ್ಪು ಅಂಕಿ ತುಂಬಿರಬಹುದು ಎಂದು ಆಯೋಗ ಭಾವಿಸಿತು. ಸಾಧ್ಯವಿದ್ದ ಎಚ್ಚರಿಕೆ ವಹಿಸಲಿಲ್ಲವೆಂದು ಎರಿಟ್ರಿಯಾವನ್ನು ಹೊಣೆ ಮಾಡಿತು. ಬರಿಯ ಅಚಾತುರ್ಯ ಎಂದು ಕೈತೊಳೆದುಕೊಳ್ಳಲು ಬಿಡಲಿಲ್ಲ, ಅದು ನ್ಯಾಯವಾದ ಮಾತು.

ಇಥಿಯೋಪಿಯಾದ ಪಾಲೂ ಇದೆ. ಕೆಂಪು ಸಮುದ್ರದ ದಂಡೆಯ ಎರಿಟ್ರಿಯಾದ ಅಸ್ಸಾಬ್ ಬಂದರಿಗೆ ಕುಡಿಯುವ ನೀರು ಬರುವುದು ಹರ್ಸಿಲೆ ಜಲಾಶಯದಿಂದ. ಆ ಒಣ ನೆಲದಲ್ಲಿ ಅದನ್ನು ಇಥಿಯೋಪಿಯಾ ಬಾಂಬಿನಿಂದ ಹೊಡೆಯಿತು. ಶತ್ರು ಸೈನಿಕರಿಗೆ ನೀರು ಸಿಗದಂತೆ ಮಾಡಲು ಎಂದಿತು. ಊರಿನವರು ಕುಡಿಯುವುದೂ ಅದೇ ನೀರು. ಪುಣ್ಯಕ್ಕೆ ಜಲಾಶಯಕ್ಕೆ ಹೆಚ್ಚಿನ ಹಾನಿ ಆಗಲಿಲ್ಲ. ಆದರೂ ಆಯೋಗ ಆ ದಾಳಿಯನ್ನು ಕಾನೂನುಬಾಹಿರ ಎಂದಿತು. ಮಸ್ಸಾವಾ ಬಳಿಯ ಹಿರ್ಗಿಗೊ ವಿದ್ಯುತ್ ಸ್ಥಾವರದ ಮೇಲಿನ ದಾಳಿಯನ್ನು ಮಾತ್ರ ಬಹುಮತದಿಂದ ಒಪ್ಪಿತು. 2000ದ ಮೇ 26ರಿಂದ ಇಥಿಯೋಪಿಯಾದ ಹಿಡಿತದಲ್ಲಿದ್ದ ಸೆನಾಫೆ ಪಟ್ಟಣದಲ್ಲಿ ನಡೆದ ಲೂಟಿಗೂ, ಪಕ್ಕದ ಮಟಾರಾದ ಪ್ರಾಚೀನ ಶಿಲಾಸ್ತಂಭಕ್ಕೆ ಸ್ಫೋಟಕದಿಂದಾದ ಹಾನಿಗೂ ಇಥಿಯೋಪಿಯಾವೇ ಹೊಣೆ ಎಂದಿತು.

ಕದನ ನಿಲ್ಲಿಸುವ ಒಪ್ಪಂದ ಆದದ್ದು 2000ದ ಜೂನ್ 18ರಂದು. ಬಳಿಕ 25 ಕಿಲೋಮೀಟರ್ ಅಗಲದ ಭದ್ರತಾ ಪಟ್ಟಿಯಲ್ಲಿ ವಿಶ್ವಸಂಸ್ಥೆಯ ಪಡೆ ಬಂತು. ಅದರಲ್ಲಿ ಭಾರತದ ಯೋಧರೂ ಇದ್ದರು. ಊರಿಗೆ ಮರಳಿದವರನ್ನು ಅಲ್ಲಿ ಕಾದಿದ್ದದ್ದು ನೆಲಬಾಂಬು ಮತ್ತು ಸಿಡಿಯದ ಮರಿಬಾಂಬು.

ಇಥಿಯೋಪಿಯಾ ಬಳಸಿದ ಬಿಎಲ್–755 ಎಂಬ ಒಂದು ಕ್ಲಸ್ಟರ್ ಬಾಂಬಿನ ಹೊಟ್ಟೆಯಲ್ಲಿ 147 ಮರಿಬಾಂಬುಗಳು. ಗಾಳಿಯಲ್ಲಿ ಕವಚ ಬಿಚ್ಚಿಕೊಂಡು ಅವು ಚೆಲ್ಲಾಪಿಲ್ಲಿಯಾಗುತ್ತವೆ. ಸಿಡಿಯಬೇಕಾದರೆ ಮೂತಿ ಗಟ್ಟಿ ಜಾಗಕ್ಕೆ ಬಡಿಯಬೇಕು. ಉತ್ತ ಹೊಲ, ಮರಳು, ಜಾಲಿಯ ಕೊಂಬೆಗೆ ಬಿದ್ದರೆ ಪೆಟ್ಟು ಸಾಲದೆ ಹಾಗೇ ಉಳಿಯುತ್ತದೆ. ಉಳಿದದ್ದು ಸತ್ತದ್ದಲ್ಲ, ಮುಟ್ಟಿದರೆ ಸಾಕು. ಡಬ್ಬಿಯಂಥ ಆ ಲೋಹದ ವಸ್ತುವನ್ನು ಎತ್ತಿಕೊಳ್ಳುವವರು ಹೆಚ್ಚಾಗಿ ದನಕಾಯುವ ಹುಡುಗರು. ಅದಕ್ಕೇ ಕಲಿಸುವ ಪಾಠ ಇಷ್ಟು: ಮುಟ್ಟಬೇಡಿ, ಕಲ್ಲೆಸೆಯಬೇಡಿ, ಹತ್ತಿರ ಬೆಂಕಿ ಹಚ್ಚಬೇಡಿ, ಬಂದ ಹೆಜ್ಜೆಯಲ್ಲೇ ಹಿಂದಿರುಗಿ ಹಿರಿಯರಿಗೆ ಹೇಳಿ. ತಜ್ಞರು ಅದನ್ನು ಸಾಮಾನ್ಯವಾಗಿ ಎತ್ತುವುದಿಲ್ಲ. ಪಕ್ಕದಲ್ಲಿ ಸ್ಫೋಟಕವಿಟ್ಟು ಇದ್ದಲ್ಲೇ ಸಿಡಿಸುತ್ತಾರೆ. ಕಂದಕಗಳ ನೆಲದಲ್ಲಿ ಕೆಲಸ ಇನ್ನೂ ನಿಧಾನ. ಮಣ್ಣಿನ ತುಂಬ ಷೆಲ್ ಚೂರುಗಳು, ಖಾಲಿ ತೋಟಾಗಳು. ಶೋಧಕ ಯಂತ್ರ ಎಲ್ಲದಕ್ಕೂ ಕೂಗುತ್ತದೆ, ಪ್ರತಿ ಕೂಗಿಗೂ ಮಂಡಿಯೂರಿ ಮಣ್ಣು ಕೆರೆದು ನೋಡಲೇಬೇಕು.

2009ರ ಆಗಸ್ಟ್‌ನಲ್ಲಿ ಆಯೋಗ ಅಂತಿಮ ಲೆಕ್ಕ ಕೊಟ್ಟಿತು: ಎರಿಟ್ರಿಯಾಕ್ಕೆ ಸುಮಾರು 16 ಕೋಟಿ ಡಾಲರ್ ಪರಿಹಾರ ಸಲ್ಲಬೇಕು, ಇಥಿಯೋಪಿಯಾಕ್ಕೆ 17 ಕೋಟಿಗೂ ಹೆಚ್ಚು. ಅದರ ಹಿಂದಿನ ವರ್ಷವೇ ಕ್ಲಸ್ಟರ್ ಬಾಂಬು ನಿಷೇಧದ ಅಂತರರಾಷ್ಟ್ರೀಯ ಒಪ್ಪಂದ ಸಹಿಗೆ ಬಂದಿತ್ತು. ಈ ಎರಡೂ ದೇಶಗಳು ಅದಕ್ಕೆ ಸೇರಿಲ್ಲ. ನಮ್ಮ ಭಾರತವೂ ಸೇರಿಲ್ಲ.