ತಕರಾಜುಕಾ: ಕೊನೆಯ ಸಾಲನ್ನು ನೋಡಿ

ಕೇಳುಗರೆಲ್ಲರಿಗೂ ನಮಸ್ಕಾರ. ಇವತ್ತು ನಾನು ಹೇಳಬೇಕೆಂದಿರುವುದು ಒಂದೇ ಮಾತು. ಅದನ್ನು ಮೊದಲೇ ಹೇಳಿಬಿಡುತ್ತೇನೆ. ನೀವು ಎಂದಾದರೂ ಜಪಾನಿನ ತಕರಾಜುಕಾ ನಾಟಕ ನೋಡಲು ಹೋದರೆ ಹೀರೋನ ನೋಡಬೇಡಿ, ರಂಗದ ಮೇಲೆ ಎಲ್ಲರ ಹಿಂದೆ ನಿಂತವರ ಕೊನೆಯ ಸಾಲನ್ನು ನೋಡಿ. ನಡುನಡುವೆ ಇದನ್ನೇ ಮತ್ತೆ ಹೇಳುತ್ತೇನೆ, ಬೇಸರ ಮಾಡಿಕೊಳ್ಳಬೇಡಿ.

ತಕರಾಜುಕಾ ಒಸಾಕಾ ಹತ್ತಿರದ ಒಂದು ಊರು. ಊರಿನ ಹೆಸರೇ ನಾಟಕ ಕಂಪನಿಯ ಹೆಸರು. ಮಾತು, ಹಾಡು, ಕುಣಿತ ಮೂರೂ ಇರುವ ಸಂಗೀತ ನಾಟಕ ಆಡುತ್ತಾರೆ. ರಂಗದ ಮೇಲೆ ಬರುವವರೆಲ್ಲ ಹೆಂಗಸರೇ. ರಾಜ, ಸೈನಿಕ, ಕಳ್ಳ, ಮುದುಕ, ಯಾವ ಪಾರ್ಟಾದರೂ ಸರಿ. ಇಷ್ಟು ಹೇಳುವುದೇ ತಡ, ಯಾರಾದರೊಬ್ಬರು ಕೇಳಿಯೇ ಕೇಳುತ್ತಾರೆ: 'ಯಾಕೆ, ಅಲ್ಲಿ ಗಂಡಸರು ಸಿಗಲಿಲ್ವಾ?' ರಂಗಭೂಮಿಯ ಪಾಠ ಹೇಳಿಕೊಂಡು ಬಂದ ನನಗೆ ಈ ಪ್ರಶ್ನೆ ಕೇಳಿ ಕೇಳಿ ಸಾಕಾಗಿದೆ. ನಮ್ಮ ಬೆಂಗಳೂರಿನಲ್ಲೇ ಆರ್. ನಾಗರತ್ನಮ್ಮನವರು ಬರೀ ಹೆಂಗಸರನ್ನು ಸೇರಿಸಿ ಸ್ತ್ರೀ ನಾಟಕ ಮಂಡಳಿ ಕಟ್ಟಿದರು, ತಾವೇ ಕಂಸನಾಗಿ ನಿಂತರು. 2012ರಲ್ಲಿ ಅವರಿಗೆ ಪದ್ಮಶ್ರೀ ಬಂತು. ಅವರ ಕಂಸನನ್ನು ಕಂಡವರು ಯಾರೂ ಆ ಪ್ರಶ್ನೆ ಕೇಳಲಾರರು.

ಈ ಕಂಪನಿ ಹುಟ್ಟಿದ್ದು ರೈಲಿನ ವ್ಯಾಪಾರಕ್ಕಾಗಿ. ಕೊಬಾಯಾಶಿ ಇಚಿಜೋ ಎಂಬ ರೈಲು ಕಂಪನಿಯ ಯಜಮಾನ. ಅವನ ರೈಲುಮಾರ್ಗದ ಕೊನೆಯ ನಿಲ್ದಾಣ ತಕರಾಜುಕಾ, ಬಿಸಿನೀರಿನ ಬುಗ್ಗೆಯ ಊರು. ಜನ ಅಷ್ಟು ದೂರ ಟಿಕೆಟ್ ತೆಗೆದುಕೊಂಡು ಬರಬೇಕಲ್ಲ, ಅದಕ್ಕೆ ಅಲ್ಲೊಂದು ಒಳಾಂಗಣ ಈಜುಕೊಳ ಕಟ್ಟಿಸಿದ. ನೀರು ಕೊರೆಯುವಷ್ಟು ತಣ್ಣಗೆ. ಹೆಂಗಸರು ಗಂಡಸರು ಒಟ್ಟಿಗೆ ಈಜುವಂತಿಲ್ಲ ಎಂಬ ಕಟ್ಟಳೆ ಬೇರೆ. ಕೊಳ ಮುಚ್ಚಿತು. 1913ರಲ್ಲಿ ಹುಡುಗಿಯರದೊಂದು ಗಾಯನ ತಂಡ ಕಟ್ಟಿ, ಕೊಳದ ಮೇಲೆ ಹಲಗೆ ಹಾಸಿ ಪ್ರೇಕ್ಷಕರನ್ನು ಕೂರಿಸಿ, 1914ರ ಏಪ್ರಿಲ್ 1ರಂದು ಮೊದಲ ಆಟ ಆಡಿಸಿದ. ನೂರು ವರ್ಷದ ಮೇಲಾಯಿತು, ಇನ್ನೂ ಆ ರೈಲು ಸಂಸ್ಥೆಯದೇ ಕಂಪನಿ. ಈಗ ಹೂವು, ಚಂದ್ರ, ಹಿಮ, ನಕ್ಷತ್ರ, ಆಕಾಶ ಎಂದು ಐದು ತಂಡಗಳಿವೆ.

ಇನ್ನು ಕೊನೆಯ ಸಾಲಿನ ವಿಚಾರ. ಕಂಪನಿಗೆ ಸೇರಲು ಒಂದೇ ಬಾಗಿಲು, ಅವರದೇ ಸಂಗೀತ ಶಾಲೆ. ಹದಿನೈದರಿಂದ ಹದಿನೆಂಟರೊಳಗಿನ ಹುಡುಗಿಯರು ಪರೀಕ್ಷೆ ಕಟ್ಟುತ್ತಾರೆ. ವರ್ಷಕ್ಕೆ ನಲವತ್ತು ಮಂದಿಯನ್ನು ಆರಿಸಿಕೊಳ್ಳುತ್ತಾರೆ. ಎರಡು ವರ್ಷ ಹಾಡು, ಬ್ಯಾಲೆ, ಜಪಾನಿ ನೃತ್ಯ, ಅಭಿನಯ, ಜೊತೆಗೆ ಕಟ್ಟುನಿಟ್ಟಿನ ಶಿಸ್ತು. ನೀನು ಗಂಡುಪಾತ್ರದವಳೋ ಹೆಣ್ಣುಪಾತ್ರದವಳೋ ಎಂಬುದು ಅಲ್ಲೇ ತೀರ್ಮಾನವಾಗುತ್ತದೆ, ಎತ್ತರವೂ ಅದರಲ್ಲಿ ಲೆಕ್ಕಕ್ಕೆ ಬರುತ್ತದೆ. ಗಂಡುಪಾತ್ರದವಳು ಕೂದಲು ಕತ್ತರಿಸಿಕೊಳ್ಳುತ್ತಾಳೆ, ದನಿಯನ್ನು ಎದೆಯಾಳಕ್ಕೆ ಇಳಿಸುತ್ತಾಳೆ, ಕೂರುವುದು, ಏಳುವುದು, ಟೋಪಿ ತೆಗೆಯುವುದು ಎಲ್ಲವನ್ನೂ ಮೊದಲಿನಿಂದ ಕಲಿಯುತ್ತಾಳೆ. ಗಂಡುಪಾತ್ರ ಕೈಹತ್ತಲು ಹತ್ತು ವರ್ಷ ಬೇಕು ಎನ್ನುವುದು ಅಲ್ಲಿನವರ ಮಾತು. ಆ ಹತ್ತು ವರ್ಷದ ಆರಂಭ ಎಲ್ಲಿ? ಕೊನೆಯ ಸಾಲಿನಲ್ಲಿ. ಇವತ್ತು ಅಲ್ಲಿ ಹೀರೋ ಆಗಿ ನಿಂತಿರುವ ಪ್ರತಿಯೊಬ್ಬಳೂ ಒಂದು ಕಾಲಕ್ಕೆ ಹಿಂದೆ, ಮೂಲೆಯಲ್ಲಿ, ಭರ್ಜಿ ಹಿಡಿದು ನಿಂತಿದ್ದವಳೇ.

ನಾನು ಎಷ್ಟೋ ವರ್ಷ ಈ ನಾಟಕಗಳನ್ನು ಡಿಸ್ಕುಗಳಲ್ಲೇ ನೋಡಿದವಳು. ಡಿಸ್ಕಿನಲ್ಲಿ ಕ್ಯಾಮರಾ ಹೀರೋನ ಬಿಟ್ಟು ಕದಲುವುದಿಲ್ಲ. ಅದು ಏನು ತೋರಿಸುತ್ತದೋ ಅದನ್ನೇ ನೋಡಬೇಕು. 2024ರ ಜನವರಿಯಲ್ಲಿ ಕೊನೆಗೂ ಅವಕಾಶ ಕೂಡಿಬಂತು. ನಕ್ಷತ್ರ ತಂಡದವರು ಆಡುತ್ತಿದ್ದದ್ದು, ಬೇರೇನೂ ಅಲ್ಲ, ರಾಜಮೌಳಿಯವರ ಆರ್‌ಆರ್‌ಆರ್ ಸಿನಿಮಾದ ಕಥೆ! ರೇ ಮಕೋತೋ ಎಂಬ ಕಲಾವಿದೆ ಕೊಮರಂ ಭೀಮ. ನಮ್ಮಕ್ಕನ ಮಗಳು ಒಸಾಕಾದಲ್ಲಿ ಕೆಲಸದಲ್ಲಿದ್ದಾಳೆ, ಅವಳೇ ಹೇಗೋ ಎರಡು ಟಿಕೆಟ್ ಹೊಂದಿಸಿದಳು. ನಿಲ್ದಾಣದಿಂದ ರಂಗಮಂದಿರಕ್ಕೆ ಹೋಗುವ ದಾರಿಯುದ್ದಕ್ಕೂ ಚೆರ್ರಿ ಮರಗಳು. ಜನವರಿಯಲ್ಲಿ ಬರೀ ಕಡ್ಡಿ. ಒಳಗೆ 2,550 ಸೀಟು. ನಮ್ಮದು ಎರಡನೇ ಮಹಡಿ.

ನನ್ನ ಪಕ್ಕದಲ್ಲಿ ಒಬ್ಬ ಅಜ್ಜಿ. ಎಂಬತ್ತು ದಾಟಿರಬಹುದು. ಅಚ್ಚುಕಟ್ಟಾದ ನೇರಳೆ ಸ್ಕಾರ್ಫು, ಕತ್ತಿನಲ್ಲಿ ದುರ್ಬೀನು. ಅಲ್ಲಿ ದುರ್ಬೀನಿಲ್ಲದೆ ಬರುವವರೇ ಕಡಿಮೆ. ವಾದ್ಯದವರು ಕೂರುವ ಗುಂಡಿಯ ಮುಂದೆ, ಪ್ರೇಕ್ಷಕರಿಗೆ ತೀರ ಹತ್ತಿರವಾಗಿ ಒಂದು ಸಣ್ಣ ಸೇತುವೆ ಇದೆ. ಭೀಮ ಅಲ್ಲಿಗೆ ಹಾಡಿಕೊಂಡು ಬಂದಾಗ ಇಡೀ ಮಹಡಿಯ ದುರ್ಬೀನುಗಳು ಒಟ್ಟಿಗೆ ಮೇಲೆದ್ದವು. ಅಜ್ಜಿಯದೂ ಎದ್ದಿತು. ಆದರೆ ತಿರುಗಿದ್ದು ಬೇರೆ ಕಡೆ, ಎಡಗಡೆಯ ಹಿಂದಿನ ಮೂಲೆಗೆ. ಪಾಪ, ಕಣ್ಣು ಮಂಜಾಗಿದೆ, ಹೀರೋ ಎಲ್ಲಿದ್ದಾಳೆಂದು ಗೊತ್ತಾಗಿಲ್ಲ ಎಂದು ಯಾರಿಗಾದರೂ ಅನ್ನಿಸಬೇಕು. ಮುಂದಿನ ದೃಶ್ಯದಲ್ಲೂ ಅದೇ ಮೂಲೆ. ಗುಂಪು ಬಲಕ್ಕೆ ಸರಿದರೆ ದುರ್ಬೀನೂ ಬಲಕ್ಕೆ.

ನಾಟು ನಾಟು ಬಂತು. ಇಂಗ್ಲಿಷರ ಪಾರ್ಟಿ, ಭೀಮ ರಾಮರಿಬ್ಬರೂ ಕುಣಿಯುತ್ತಿದ್ದಾರೆ, ಸಭೆ ಚಪ್ಪಾಳೆಯ ಮೇಲೆ ಚಪ್ಪಾಳೆ. ಆಗ ಅಜ್ಜಿ ನನ್ನ ಮೊಣಕೈ ಮುಟ್ಟಿ, ಮಾತಿಲ್ಲದೆ ದುರ್ಬೀನನ್ನು ನನ್ನ ಕೈಗೆ ಕೊಟ್ಟು ಬೆರಳು ತೋರಿಸಿದರು. ನೋಡಿದೆ. ಅತಿಥಿಗಳ ಹಿಂದಿನ ಸಾಲಿನಲ್ಲಿ ಒಬ್ಬ ದೊರೆ. ಎಳೆಯ ಮುಖ, ಅಂಟಿಸಿದ ಮೀಸೆ. ಮುಖ ಸಿಂಡರಿಸಿಕೊಂಡೇ ನಿಂತಿದ್ದಾನೆ, ಆದರೆ ಬಲಗಾಲಿನ ಬೂಟಿನ ತುದಿ ಮಾತ್ರ ತಾಳ ಹಾಕುತ್ತಿದೆ. ಪಕ್ಕದ ಮೇಡಂ ತಿರುಗಿ ನೋಡಿದ ಕೂಡಲೇ ಬೂಟು ನಿಂತಿತು. ಕೋಟಿನ ಅಂಚನ್ನು ಜಗ್ಗಿ ಸರಿಮಾಡಿಕೊಂಡ. ಮೇಡಂ ಅತ್ತ ತಿರುಗಿದರು, ಬೂಟು ಮತ್ತೆ ಶುರು. ಹಾಡು ಮುಗಿಯುವವರೆಗೂ ಇದೇ ಒಂದು ಪುಟ್ಟ ನಾಟಕ. ಅಷ್ಟು ದೊಡ್ಡ ಸಭೆಯಲ್ಲಿ ಅದನ್ನು ಕಂಡವರು ನಾವಿಬ್ಬರೇ ಇರಬೇಕು. ಯಾವ ಕ್ಯಾಮರಾವೂ ಅದನ್ನು ಹಿಡಿಯುವುದಿಲ್ಲ, ಕೇಳಿ!

ಮಧ್ಯಂತರದಲ್ಲಿ ಅಜ್ಜಿ ಬುತ್ತಿ ಬಿಚ್ಚಿದರು. ಅಕ್ಕನ ಮಗಳು ನಡುವೆ ಕೂತು ಮಾತು ದಾಟಿಸಿದಳು. 'ಚಿಕ್ಕಮ್ಮ, ನೀವು ಯಾರನ್ನ ನೋಡೋಕೆ ಬಂದಿದೀರಿ ಅಂತ ಕೇಳ್ತಿದಾರೆ.' ಇನ್ನಾರು, ಭೀಮನ ಪಾತ್ರದವರನ್ನ ಎಂದೆ. ಅಜ್ಜಿಗೆ ನಗು ಬಂತು. 'ಅವರನ್ನ ನೋಡೋಕೆ ಎರಡೂವರೆ ಸಾವಿರ ಜನ ಇದಾರಲ್ಲ!'

ಆ ಮೀಸೆಯ ಹುಡುಗಿಯನ್ನು ಅಜ್ಜಿ ಬಲ್ಲದ್ದು ಅವಳ ಮೊದಲ ದಿನದಿಂದ. ಶಾಲೆ ಮುಗಿಸಿದ ಹುಡುಗಿಯರೆಲ್ಲ ಪ್ರತಿ ವಸಂತದಲ್ಲಿ ಸಾಲಾಗಿ ನಿಂತು, ಒಟ್ಟಿಗೆ ಕಾಲೆತ್ತಿ ಕುಣಿದು ರಂಗಕ್ಕೆ ಕಾಲಿಡುತ್ತಾರೆ. ಆ ಸಾಲಿನಲ್ಲೇ ಅಜ್ಜಿ ಇವಳನ್ನು ಆರಿಸಿಕೊಂಡಿದ್ದು. ಬಂಧುವಲ್ಲ, ಪರಿಚಯವಿಲ್ಲ, ಒಂದು ಮಾತೂ ಆಡಿಲ್ಲ. ಆದರೆ ಅಜ್ಜಿಯ ಕಣ್ಣು ನೋಡಿ: 'ಹಿಂದಿನ ನಾಟಕದಲ್ಲಿ ಅವಳ ನಡಿಗೆ ಸೊಂಟದಿಂದ ಬರ್ತಿತ್ತು, ಈಗ ಭುಜದಿಂದ ಬರ್ತಿದೆ.' ನಮ್ಮ ರಂಗಶಿಕ್ಷಣದಲ್ಲಿ ಈ ಮಾತು ಹೇಳಬಲ್ಲ ಮೇಷ್ಟ್ರು ಎಷ್ಟು ಜನ ಇದ್ದಾರೆ? ಅಂಥ ಪ್ರೇಕ್ಷಕರಿದ್ದಾರೆಂದು ಗೊತ್ತಿದ್ದರೆ ಯಾವ ಹುಡುಗಿ ತಾನೇ ಮೂಲೆಯಲ್ಲಿ ಸುಮ್ಮನೆ ಭರ್ಜಿ ಹಿಡಿದು ನಿಂತಾಳು?

ಅಜ್ಜಿಯ ಕಥೆಯೇ ಸಮಯವನ್ನೆಲ್ಲ ತಿಂದಿತು. ಉಳಿದದ್ದನ್ನು ಬೇಗ ಹೇಳುತ್ತೇನೆ. ನಾಟಕದ ನಂತರ ಒಂದು ಗಂಟೆಯ ನೃತ್ಯಪ್ರದರ್ಶನ. ಕೊನೆಗೆ 26 ಮೆಟ್ಟಿಲಿನ ದೊಡ್ಡ ಸೋಪಾನ. ಬೆನ್ನಿಗೆ ಗರಿಗಳ ಭಾರ ಹೊತ್ತು, ಕಾಲಕೆಳಗೆ ನೋಡದೆ ಇಳಿಯುತ್ತಾರೆ. ಎಲ್ಲರೂ ಫೋಟೋದಲ್ಲಿ ನೋಡಿರುವುದು ಇದನ್ನೇ, ಆದ್ದರಿಂದ ಬಿಡುತ್ತೇನೆ. 1974ರಲ್ಲಿ ಫ್ರಾನ್ಸಿನ ವರ್ಸೈಲ್ಸ್ ಅರಮನೆಯ ಕಥೆ ಆಡಿದ ಮೇಲೆ ಕಂಪನಿಗೆ ಜನ ಮುಗಿಬಿದ್ದರು. ಜಪಾನಿನ ಹೆಸರಾಂತ ಕಾಮಿಕ್ಸ್ ಕಲಾವಿದ ತೆಜುಕಾ ಒಸಾಮು ಬೆಳೆದದ್ದು ಇದೇ ಊರಿನಲ್ಲಿ, ಅವರ ಹೆಸರಿನ ವಸ್ತುಸಂಗ್ರಹಾಲಯ ಹತ್ತಿರದಲ್ಲೇ ಇದೆ.

ಒಂದು ಪದ್ಧತಿಯನ್ನು ಮಾತ್ರ ಬಿಡುವಂತಿಲ್ಲ. ಪ್ರತಿ ದೊಡ್ಡ ನಾಟಕದ ನಡುವೆ ಒಂದು ಆಟ ಎಳೆಯರದು. ಸೇರಿ ಏಳು ವರ್ಷದೊಳಗಿನವರೇ ಎಲ್ಲ ಪಾರ್ಟುಗಳನ್ನೂ ಹಂಚಿಕೊಂಡು ಅದೇ ನಾಟಕ ಆಡುತ್ತಾರೆ. ಭರ್ಜಿ ಹಿಡಿದವಳು ಒಂದು ಸಂಜೆ ರಾಜ. ನಮ್ಮ ತಂಡಗಳು ನಾಳೆಯಿಂದಲೇ ಇದನ್ನು ಶುರುಮಾಡಬಹುದು, ಖರ್ಚೇನೂ ಇಲ್ಲ.

ಇನ್ನೊಂದು ಮಾತು, ಸಿಹಿಯಲ್ಲ. 2023ರಲ್ಲಿ ಆಕಾಶ ತಂಡದ ಇಪ್ಪತ್ತೈದರ ಕಲಾವಿದೆಯೊಬ್ಬರು ತೀರಿಕೊಂಡರು. ಮಿತಿಮೀರಿದ ದುಡಿಮೆ, ಹಿರಿಯರ ಕಿರುಕುಳದ ದೂರುಗಳು ಎದ್ದವು. 2024ರ ಮಾರ್ಚಿನಲ್ಲಿ ಕಂಪನಿ ಕಿರುಕುಳ ನಡೆದದ್ದನ್ನು ಒಪ್ಪಿ ಕುಟುಂಬದ ಕ್ಷಮೆ ಕೇಳಿತು. ಶಿಸ್ತು ಎಂದು ನಾವು ಹೊಗಳುವುದರ ಭಾರ ಬೀಳುವುದು ಕಿರಿಯರ ಮೇಲೆ, ಅಂದರೆ ಹಿಂದಿನ ಸಾಲುಗಳ ಮೇಲೆ. ಅವರನ್ನು ನೋಡಿ ಎಂದು ನಾನು ಹಟ ಹಿಡಿಯುವುದಕ್ಕೆ ಇದೂ ಕಾರಣ.

ಹೋಗುವವರಿಗೆ ಇಷ್ಟು: ಒಸಾಕಾದ ಉಮೆದಾದಿಂದ ಹಾಂಕ್ಯು ರೈಲಿನಲ್ಲಿ ಸುಮಾರು ಮುಕ್ಕಾಲು ಗಂಟೆಯೊಳಗೆ ತಲುಪುತ್ತೀರಿ. ಟಿಕೆಟ್ ಮೊದಲೇ ಮಾಡಿಸಿ, ಅಲ್ಲಿಗೆ ಹೋಗಿ ಸಿಕ್ಕೀತೆಂದು ನೆಚ್ಚಿಕೊಳ್ಳಬೇಡಿ. ಎರಡನೇ ಮಹಡಿಯ ಹಿಂದಿನ ಸೀಟು ಅಗ್ಗ, ರಂಗ ಪೂರ್ತಿ ಕಾಣುತ್ತದೆ. ಮುಂದಕ್ಕೆ ಬಾಗಿ ಕೂರಬೇಡಿ, ಹಿಂದಿನವರಿಗೆ ಅಡ್ಡವಾಗುತ್ತದೆ, ಅಲ್ಲಿ ಅದು ದೊಡ್ಡ ಅಪರಾಧ. ದುರ್ಬೀನು ಮನೆಯಿಂದಲೇ ಒಯ್ಯಿರಿ. ನಮಸ್ಕಾರ.