ಮೊದಲು ನೋಡಿ, ಪಾಠ ಆಮೇಲೆ

ಕೇಳುಗ ಬಂಧುಗಳೆಲ್ಲರಿಗೂ ವಂದನೆಗಳು.

ದಿನನಿತ್ಯದ ಕೆಲಸಗಳಲ್ಲಿ, ಬೆಟ್ಟ ಹತ್ತುವಾಗ, ಮೀನು ಹಿಡಿಯುವಾಗ, ತೋಟದಲ್ಲಿ ಕೈ ಕೆಸರು ಮಾಡಿಕೊಳ್ಳುವಾಗ ಕ್ರೈಸ್ತ ವಿಶ್ವಾಸದ ಪಾಠಗಳನ್ನು ಕಂಡುಕೊಳ್ಳುವುದು ಹೇಗೆ, ಅದರ ಬಗ್ಗೆ ನಾಲ್ಕು ಮಾತು ಹೇಳಿ ಎಂದು ಈ ಕಾರ್ಯಕ್ರಮದವರು ಕೇಳಿದ್ದಾರೆ. ಇರುವ ಸಮಯ ಸ್ವಲ್ಪ, ಹೇಳಲು ಆಸೆಯಾಗುವುದು ಬಹಳ. ಆದ್ದರಿಂದ ಮುಖ್ಯವಾದದ್ದನ್ನು ಮೊದಲೇ ಹೇಳಿಬಿಡುತ್ತೇನೆ. ಮೊದಲು ನೋಡಿ. ಚೆನ್ನಾಗಿ ನೋಡಿ. ಪಾಠ ಆಮೇಲೆ.

ಯುವಜನರ ಶಿಬಿರಗಳನ್ನು ನಡೆಸುವುದು, ಅವರನ್ನು ಕಾಡು ಬೆಟ್ಟ ಸುತ್ತಿಸುವುದು ನನ್ನ ಸೇವೆ. ಪ್ರತಿ ಸಲವೂ ಒಂದು ಸಂಗತಿ ನಡೆಯುತ್ತದೆ. ಬೆಟ್ಟದ ತುದಿ ಮುಟ್ಟಿ ಇನ್ನೂ ಏದುಸಿರು ಇಳಿದಿರುವುದಿಲ್ಲ, ಅಷ್ಟರಲ್ಲಿ ಯಾರಾದರೂ ಕೈ ಎತ್ತಿ "ದೇವರ ಪ್ರೀತಿ ಈ ಬೆಟ್ಟದಷ್ಟು ಎತ್ತರ" ಎಂದು ಶುರು ಮಾಡುತ್ತಾರೆ. ಎಲ್ಲರೂ "ಆಮೆನ್" ಅನ್ನುತ್ತಾರೆ. ನನಗೆ ಒಳಗೇ ಸ್ವಲ್ಪ ಅಸಹನೆ, ಕ್ಷಮಿಸಿ. ಆ ಮಾತು ಸತ್ಯವೇ. ಆದರೆ ಅದು ಮನೆಯಲ್ಲಿ ಕೂತಾಗಲೂ ಗೊತ್ತಿತ್ತಲ್ಲ? ಬೆಟ್ಟ ಹೊಸದಾಗಿ ಏನು ಹೇಳಿತು? ಅದನ್ನು ಕೇಳಿಸಿಕೊಳ್ಳುವಷ್ಟು ಹೊತ್ತು ನಾವು ಸುಮ್ಮನೆ ನಿಲ್ಲಲೇ ಇಲ್ಲ.

ಯೇಸು ಸ್ವಾಮಿ ಹಾಗೆ ಮಾಡಲಿಲ್ಲ. ಆಕಾಶದ ಪಕ್ಷಿಗಳನ್ನು ನೋಡಿ ಎಂದರು, ಹೊಲದ ಹೂಗಳನ್ನು ಗಮನಿಸಿ ಎಂದರು. ಅವರ ಮಾತುಗಳನ್ನು ಓದುತ್ತಾ ಹೋದರೆ, ಈ ಮನುಷ್ಯ ಹೊಲದ ಬದಿಯಲ್ಲಿ ನಿಂತು ನೋಡಿದ್ದಾರೆ, ಸಂತೆಯಲ್ಲಿ ಬೆಲೆ ಕೇಳಿದ್ದಾರೆ ಎಂದು ಗೊತ್ತಾಗುತ್ತದೆ. ಗುಬ್ಬಿಗಳ ಮಾತನ್ನೇ ತೆಗೆದುಕೊಳ್ಳಿ. ಗುಬ್ಬಿ ಅಂದರೆ ಆ ಕಾಲದ ಬಡವರಿಗೆ ಸಿಗುತ್ತಿದ್ದ ತೀರಾ ಅಗ್ಗದ ಮಾಂಸ. ಮತ್ತಾಯನ ಸುವಾರ್ತೆಯ 10ನೇ ಅಧ್ಯಾಯದಲ್ಲಿ ಒಂದು ಕಾಸಿಗೆ ಎರಡು ಗುಬ್ಬಿ. ಲೂಕನ ಸುವಾರ್ತೆಯ 12ನೇ ಅಧ್ಯಾಯದಲ್ಲಿ ಎರಡು ಕಾಸಿಗೆ ಐದು ಗುಬ್ಬಿ. ಸ್ವಲ್ಪ ಲೆಕ್ಕ ಹಾಕಿ ನೋಡಿ. ಎರಡು ಕಾಸಿಗೆ ನಾಲ್ಕು ಬರಬೇಕು. ಐದನೆಯದು ಕೊಸರು! ವ್ಯಾಪಾರಿ ಮೇಲೆ ಹಾಕಿ ಕೊಟ್ಟದ್ದು, ಅದಕ್ಕೆ ಬೆಲೆಯೇ ಇಲ್ಲ. ಅವುಗಳಲ್ಲಿ ಒಂದನ್ನೂ ದೇವರು ಮರೆಯುವುದಿಲ್ಲ ಎಂದು ಸ್ವಾಮಿ ಹೇಳುವಾಗ ಆ ಕೊಸರು ಗುಬ್ಬಿಯೂ ಲೆಕ್ಕಕ್ಕೆ ಬಂತು. ಮನೆಯಲ್ಲಿ, ಕೆಲಸದಲ್ಲಿ, ತಾನೊಬ್ಬ ಕೊಸರು ಎಂದುಕೊಂಡು ಬದುಕುತ್ತಿರುವವರು ಈಗ ನನ್ನ ಮಾತು ಕೇಳುತ್ತಿದ್ದರೆ, ಇದು ನಿಮಗಾಗಿ. ಸಂತೆಯ ಬೆಲೆ ಗೊತ್ತಿದ್ದವರ ಬಾಯಿಂದ ಮಾತ್ರ ಇಂಥ ಮಾತು ಬರುತ್ತದೆ.

ಬಿತ್ತುವವನ ಸಾಮ್ಯವೂ, ಅಂದರೆ ಸ್ವಾಮಿ ಹೇಳಿದ ಬೀಜ ಬಿತ್ತುವವನ ಕಥೆಯೂ, ಹಾಗೆಯೇ. ಬಂಡೆಯ ಮೇಲಿನ ತೆಳು ಮಣ್ಣಿನಲ್ಲಿ ಬಿದ್ದ ಬೀಜ ಬೇಗ ಮೊಳೆಯಿತು ಎಂದು ಅದರಲ್ಲಿದೆ. ಹೌದು, ಬೇಗ ಮೊಳೆಯುತ್ತದೆ. ಮಣ್ಣು ತೆಳುವಾಗಿದ್ದರೆ ಬಿಸಿಲಿಗೆ ಬೇಗ ಕಾಯುತ್ತದೆ, ಬೇರಿಗೆ ಕೆಳಗಿಳಿಯಲು ದಾರಿಯಿಲ್ಲ. ಮೊದಲ ವಾರದಲ್ಲಿ ಇಡೀ ಹೊಲದಲ್ಲಿ ಎಲ್ಲಕ್ಕಿಂತ ಹಸಿರಾಗಿ ಕಾಣುವುದು ಆ ಜಾಗವೇ. ಎಲ್ಲಕ್ಕಿಂತ ಮೊದಲು ಒಣಗುವುದೂ ಅದೇ. ಹೊಲ ನೋಡದವರಿಗೆ ಇದು ಹೊಳೆಯುವುದಿಲ್ಲ.

ಈಗ ನನಗೆ ಬಹಳ ಪ್ರಿಯವಾದ ಒಂದು ಸಂಗತಿ. ಒಂದು ದೊಡ್ಡ ಸರೋವರದ ದಡದಲ್ಲಿ ನಮ್ಮ ಶಿಬಿರ ನಡೆದಿತ್ತು. ಅಲ್ಲಿ ಮೀನು ಹಿಡಿಯುವ ವಯಸ್ಸಾದ ವಿಶ್ವಾಸಿಯೊಬ್ಬರಿದ್ದರು. ಹುಡುಗರೆಲ್ಲ ಅವರನ್ನು ಅಜ್ಜ ಎಂದೇ ಕರೆಯುತ್ತಿದ್ದರು. ನಾಳೆ ಬೆಳಗಿನ ಧ್ಯಾನ ಬಲೆಯ ಪಕ್ಕದಲ್ಲೇ ಆಗಲಿ ಎಂದು ನಾವು ತೀರ್ಮಾನಿಸಿ, ಹಿಂದಿನ ಸಂಜೆಯೇ ಅಜ್ಜನ ಜೊತೆ ಎರಡು ದೋಣಿಗಳಲ್ಲಿ ಹೊರಟೆವು. ಬಲೆ ಬಿಟ್ಟು ಬಂದು ಮಲಗಿ, ಬೆಳಕು ಹರಿಯುವ ಮೊದಲೇ ಎದ್ದು ಹೋಗಿ ಎಳೆದರೆ ಏನಿದೆ? ಬಲೆಯ ತುಂಬ ಪಾಚಿ, ಕಡ್ಡಿ ಕಸ, ಬಸವನಹುಳುವಿನ ಚಿಪ್ಪು. ಕಿವಿರು ಸಿಕ್ಕಿಕೊಂಡು ಒದ್ದಾಡುತ್ತಿದ್ದ ಮೀನುಗಳು ಒಬ್ಬರ ಊಟಕ್ಕೂ ಸಾಲದಷ್ಟು.

ನಮ್ಮ ಹುಡುಗನೊಬ್ಬ ಮನುಷ್ಯರನ್ನು ಹಿಡಿಯುವ ಬೆಸ್ತರು ಎಂಬ ವಿಷಯದ ಮೇಲೆ ಸೊಗಸಾದ ಸಂದೇಶ ಬರೆದುಕೊಂಡು ಬಂದಿದ್ದ. ದಡಕ್ಕೆ ಬಂದೊಡನೆ ಸತ್ಯವೇದ ತೆಗೆದ. ಅಜ್ಜ ತಲೆ ಅಲ್ಲಾಡಿಸಿದರು. "ಪಾಚಿ ಒಣಗಿದರೆ ದಾರಕ್ಕೆ ಅಂಟಿಕೊಂಡುಬಿಡುತ್ತೆ ಮಗಾ. ಮೊದಲು ಬಲೆ." ಅಷ್ಟೇ ಹೇಳಿದ್ದು.

ಸರಿ, ಎಲ್ಲರೂ ಮೊಣಕಾಲುದ್ದ ನೀರಿಗೆ ಇಳಿದೆವು. ಬಲೆ ತೊಳೆಯುವುದೆಂದರೆ ಬಟ್ಟೆ ಜಾಲಿಸಿದ ಹಾಗಿರಬಹುದು ಎಂದು ಹುಡುಗರು ಅಂದುಕೊಂಡಿದ್ದರು. ಇಲ್ಲ. ಒಂದೊಂದು ಕಣ್ಣಿನಿಂದಲೂ ಕಡ್ಡಿ ಬಿಡಿಸಬೇಕು. ಎಳೆದರೆ ದಾರ ಹರಿಯುತ್ತದೆ, ಎಳೆಯದಿದ್ದರೆ ಕಡ್ಡಿ ಬರುವುದಿಲ್ಲ. ನೀರಲ್ಲಿ ನೆನೆದು ಮೆತ್ತಗಾದ ಬೆರಳನ್ನು ದಾರ ಕೊಯ್ಯುತ್ತದೆ. ಒಂದು ತುದಿ ಬಿಡಿಸುವಷ್ಟರಲ್ಲಿ ಇನ್ನೊಂದು ತುದಿ ಸಿಕ್ಕಾಗಿರುತ್ತದೆ. ಸೂರ್ಯ ನೆತ್ತಿಯ ಕಡೆಗೆ ಏರುತ್ತಿದ್ದ. ರಾತ್ರಿ ಸರಿಯಾಗಿ ನಿದ್ದೆಯಿಲ್ಲ, ಹೊಟ್ಟೆಯಲ್ಲಿ ಏನೂ ಇಲ್ಲ, ಹಾಡು ಹೇಳುತ್ತಿದ್ದವರೂ ಸುಮ್ಮನಾದರು. ಕೊನೆಗೆ ಬಲೆಯನ್ನು ಕೊಡವಿ, ಹರಿದ ಕಡೆ ಅಜ್ಜ ಗಂಟು ಹಾಕಿ, ಗಳಗಳ ಮೇಲೆ ಹರಡಿ ಒಣಹಾಕಿದೆವು. ಗಾಳಿಗೆ ಅದು ಆಡುತ್ತಿತ್ತು. ನಾವು ಮರಳಿನ ಮೇಲೆ ಕುಸಿದು ಕೂತೆವು.

ಆಗ ಆ ಹುಡುಗ ಲೂಕನ ಸುವಾರ್ತೆಯ 5ನೇ ಅಧ್ಯಾಯ ತೆಗೆದು ಓದಲು ಶುರು ಮಾಡಿದ. ಗೆನೆಜರೇತ್ ಸರೋವರದ ದಡದಲ್ಲಿ ಎರಡು ದೋಣಿಗಳು, ಬೆಸ್ತರು ಇಳಿದು ಬಲೆಗಳನ್ನು ತೊಳೆಯುತ್ತಿದ್ದರು. ಮುಂದೆ ಓದಿದ. ಯೇಸು ಸೀಮೋನನ ದೋಣಿ ಹತ್ತಿ, ಅಲ್ಲೇ ಕೂತು ಜನರಿಗೆ ಬೋಧಿಸಿ, ಮುಗಿದ ಮೇಲೆ ಅವನಿಗೆ ಆಳವಾದ ಕಡೆ ನಡೆಸಿ ಮೀನಿಗೆ ಬಲೆ ಹಾಕಿರಿ ಎಂದರು. ಅಷ್ಟಕ್ಕೆ ಹಿಂದೆ ಕೂತಿದ್ದ ಒಬ್ಬಳು ಹುಡುಗಿ ಕೂಗಿಯೇ ಬಿಟ್ಟಳು. "ಅಯ್ಯೋ, ತೊಳೆದಾಗಿತ್ತಲ್ಲ!"

ಎಲ್ಲರ ಕಣ್ಣೂ ಗಳದ ಮೇಲಿದ್ದ ಬಲೆಯ ಕಡೆ ಹೋಯಿತು. ಯಾರೂ ಮಾತಾಡಲಿಲ್ಲ. ನಾನು ಅಜ್ಜನನ್ನು ಕೇಳಿದೆ: "ಈಗ ಯಾರಾದರೂ ಬಂದು ಮತ್ತೆ ಬಲೆ ಹಾಕಿ ಅಂದರೆ?" ಅಜ್ಜ ಬಲೆ ನೋಡಿದರು, ನೀರು ನೋಡಿದರು. "ಯಾರು ಹೇಳ್ತಿದ್ದಾರೆ ಅನ್ನೋದರ ಮೇಲೆ ಹೋಗುತ್ತೆ" ಅಂದರು.

ಆ ಹುಡುಗ ಬರೆದುಕೊಂಡು ಬಂದಿದ್ದ ಹಾಳೆಯನ್ನು ಮಡಚಿ ಜೇಬಿಗೆ ಹಾಕಿಕೊಂಡ. ಆ ದಿನ ಬೇರೆ ಸಂದೇಶ ಬೇಕಾಗಲಿಲ್ಲ.

ಸೀಮೋನನ ಜಾಗದಲ್ಲಿ ನಿಂತು ಯೋಚಿಸಿ. ಅವನ ಬಲೆ ಅಗಸೆ ನಾರಿನದು, ತೊಳೆದು ಒಣಗಿಸದಿದ್ದರೆ ಕೊಳೆತುಹೋಗುತ್ತದೆ. ಹಗಲಿನಲ್ಲಿ ಮೀನಿಗೆ ಅಂಥ ಬಲೆ ಕಾಣುತ್ತದೆ, ಅದಕ್ಕೇ ರಾತ್ರಿ ಮೀನು ಹಿಡಿಯುವ ಪದ್ಧತಿ. ರಾತ್ರಿಯೆಲ್ಲ ದುಡಿದು ಏನೂ ಸಿಕ್ಕಿಲ್ಲ. ಬಲೆ ತೊಳೆದಾಗಿದೆ. ಈಗ ಮರಗೆಲಸದವನೊಬ್ಬ ಹಗಲು ಹೊತ್ತಿನಲ್ಲಿ ಬಂದು ಬಲೆ ಹಾಕು ಅನ್ನುತ್ತಾನೆ! ಸೀಮೋನ ತನ್ನ ಕಷ್ಟವನ್ನು ಮುಚ್ಚಿಡದೆ ಹೇಳಿದ, ಹೇಳಿ, ನಿಮ್ಮ ಮಾತಿನ ಮೇಲೆ ಹಾಕುತ್ತೇನೆ ಎಂದ. ವಿಧೇಯತೆಯ ಬಗ್ಗೆ ನಾವು ಎಷ್ಟೋ ಪ್ರಸಂಗ ಕೇಳಿದ್ದೇವೆ. ಸಿಕ್ಕ ಮೀನಿನ ರಾಶಿಯ ಬಗ್ಗೆ ಹೇಳುತ್ತಾರೆ. ತೊಳೆದ ಬಲೆಯ ಬಗ್ಗೆ ಯಾರು ಹೇಳುತ್ತಾರೆ? ಬಲೆ ತೊಳೆದವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಅದಕ್ಕೇ ಮತ್ತೆ ಮತ್ತೆ ಹೇಳುತ್ತಿದ್ದೇನೆ, ಮೊದಲು ನೋಡಿ. ಆದರೆ ಕೈ ಹಾಕಿಯೂ ನೋಡಿ.

ದೋಣಿಯ ಮಾತು ಬಂದದ್ದರಿಂದ ಇದೊಂದು ಹೇಳಿಯೇ ಮುಂದೆ ಹೋಗುತ್ತೇನೆ. 1986ರಲ್ಲಿ ಮಳೆಯಿಲ್ಲದೆ ಗಲಿಲಾಯ ಸರೋವರದ, ಅಂದರೆ ಅದೇ ಗೆನೆಜರೇತ್ ಸರೋವರದ, ನೀರು ಇಳಿದಾಗ, ಮೀನು ಹಿಡಿಯುವ ಇಬ್ಬರು ಅಣ್ಣತಮ್ಮಂದಿರಿಗೆ ಕೆಸರಿನಲ್ಲಿ ಹೂತಿದ್ದ ದೋಣಿಯೊಂದು ಕಂಡಿತು. ಸುಮಾರು 2000 ವರ್ಷ ಹಳೆಯದು. ಅಂದರೆ ಸುವಾರ್ತೆಗಳ ಕಾಲದ್ದು. ಉದ್ದ 8 ಮೀಟರಿಗೆ ಸ್ವಲ್ಪ ಹೆಚ್ಚು, ಅಗಲ ಸುಮಾರು 2.3 ಮೀಟರ್. ಹಲವು ಜಾತಿಯ ಮರದ ತುಂಡುಗಳನ್ನು ಸೇರಿಸಿ ತೇಪೆ ಹಾಕಿ ಹಾಕಿ ಬಳಸಿದ್ದಾರೆ. ಶಿಬಿರದಲ್ಲಿ ನಾನು ಅದೇ ಅಳತೆಗೆ ನೆಲದ ಮೇಲೆ ಗೆರೆ ಎಳೆದು, ಹನ್ನೆರಡು ಹದಿಮೂರು ಜನರನ್ನು ಅದರೊಳಗೆ ಕೂರಿಸುತ್ತೇನೆ. ಮೊಣಕಾಲಿಗೆ ಮೊಣಕಾಲು ತಾಗುತ್ತದೆ. ಆಮೇಲೆ ಮಾರ್ಕನ ಸುವಾರ್ತೆಯ 4ನೇ ಅಧ್ಯಾಯದ ಬಿರುಗಾಳಿಯನ್ನು ಓದುತ್ತೇವೆ. ಆ ಸರೋವರ ಸಮುದ್ರಮಟ್ಟಕ್ಕಿಂತ 200 ಮೀಟರಿಗೂ ಹೆಚ್ಚು ಕೆಳಗಿದೆ, ಸುತ್ತ ಎತ್ತರದ ನೆಲ. ಮೇಲಿನ ತಂಪು ಗಾಳಿ ಕಣಿವೆಗಳಲ್ಲಿ ನುಗ್ಗಿ ಇಳಿದರೆ ನೋಡನೋಡುತ್ತಿದ್ದಂತೆ ಅಲೆ ಏಳುತ್ತದೆ. ಇಷ್ಟು ಚಿಕ್ಕ ದೋಣಿಯಲ್ಲಿ, ಇಂಥ ಗಾಳಿಯಲ್ಲಿ, ಹಿಂಭಾಗದಲ್ಲಿ ತಲೆದಿಂಬಿನ ಮೇಲೆ ಸ್ವಾಮಿ ನಿದ್ದೆ ಮಾಡುತ್ತಿದ್ದರು. ಗೆರೆಯೊಳಗೆ ಕೂತ ಹುಡುಗರು ಆ ನಿದ್ದೆಯ ಬಗ್ಗೆ ಕೇಳುವ ಪ್ರಶ್ನೆಗಳನ್ನು ನೀವು ಕೇಳಬೇಕು!

ಸಮಯ ಮುಗಿಯುತ್ತಾ ಬಂತು. ಬೆಟ್ಟದ ದಾರಿಯ ಬಗ್ಗೆ ಒಂದೇ ಮಾತು. ಪ್ರವಾದಿ ಎಲೀಯ ಬೇಸತ್ತು ಅಡವಿಯಲ್ಲಿ ಗಿಡದ ಕೆಳಗೆ ಬಿದ್ದುಕೊಂಡು ಸಾವು ಬೇಡಿದಾಗ, ದೇವದೂತ ಅವನಿಗೆ ಉಪದೇಶ ಮಾಡಲಿಲ್ಲ. ರೊಟ್ಟಿ, ನೀರು ಕೊಟ್ಟ. ಮತ್ತೆ ಮಲಗಲು ಬಿಟ್ಟ. ಎಬ್ಬಿಸಿ ಮತ್ತೆ ತಿನ್ನಿಸಿದ. ದೇವರ ಮೆಲುದನಿ ಕೇಳಿದ್ದು ಹೋರೇಬ್ ಬೆಟ್ಟ ಮುಟ್ಟಿದ ಮೇಲೆ. ದೂರ ನಡೆದು ದಣಿದವರನ್ನು ಕಂಡವರಿಗೆ ಈ ಕ್ರಮ ಏಕೆಂದು ಗೊತ್ತು. ದುಃಖದಲ್ಲಿರುವವರ ಮನೆಗೆ ವಚನಗಳನ್ನು ಮಾತ್ರ ಹೊತ್ತು ಹೋಗುವವರು ಸತ್ಯವೇದದ 1 ಅರಸುಗಳು ಪುಸ್ತಕದ 19ನೇ ಅಧ್ಯಾಯವನ್ನು ದಯವಿಟ್ಟು ಇನ್ನೊಮ್ಮೆ ಓದಿ, ಊಟದ ಡಬ್ಬಿಯನ್ನೂ ಹಿಡಿದುಕೊಂಡು ಹೋಗಿ.

ಹೊರಗೆ ಹೋಗಲಾಗದವರು, ಅಡುಗೆಮನೆಯೇ ಲೋಕವಾದವರು ಈ ಮಾತೆಲ್ಲ ನಮಗಲ್ಲ ಅಂದುಕೊಳ್ಳಬೇಡಿ. 17ನೇ ಶತಮಾನದಲ್ಲಿ ಪ್ಯಾರಿಸ್ಸಿನ ಮಠದ ಅಡುಗೆಮನೆಯಲ್ಲಿ ಪಾತ್ರೆಗಳ ನಡುವೆ ದುಡಿದ ಬ್ರದರ್ ಲಾರೆನ್ಸ್, ಪ್ರಾರ್ಥನೆಯ ಹೊತ್ತಿನಲ್ಲಿ ಎಷ್ಟೋ ಅಷ್ಟೇ ಆ ಗದ್ದಲದಲ್ಲೂ ದೇವರ ಸನ್ನಿಧಿಯಲ್ಲಿರಬಹುದು ಎಂದು ತೋರಿಸಿದರು. ಅವರ ವಿಶ್ವಾಸ ಶುರುವಾದದ್ದು ಚಳಿಗಾಲದ ಒಂದು ಬೋಳು ಮರವನ್ನು ನೋಡಿ. ಮತ್ತೆ ಎಲೆ ಬರುತ್ತದಲ್ಲ ಎಂದು ನಿಂತು ಯೋಚಿಸಿದ್ದರಿಂದ.

ಇನ್ನು ಹಿಟ್ಟು. ಮತ್ತಾಯನ ಸುವಾರ್ತೆಯ 13ನೇ ಅಧ್ಯಾಯದಲ್ಲಿ ಒಬ್ಬ ಹೆಂಗಸು ಮೂರು ಸೇರು ಹಿಟ್ಟಿನಲ್ಲಿ ಹುಳಿ, ಅಂದರೆ ಹಿಟ್ಟನ್ನು ಉಬ್ಬಿಸುವ ಹುದುಗು, ಕಲಸುತ್ತಾಳೆ. ಸೇರು ಎಂದು ಓದಿ ಚಿಕ್ಕ ಪಾತ್ರೆ ಎಂದುಕೊಳ್ಳಬೇಡಿ, ಆ ಕಾಲದ ಮೂರು ಅಳತೆ ಎಂದರೆ ಸುಮಾರು 40 ಲೀಟರ್ ಹಿಟ್ಟು. ಒಂದು ಮನೆಗೆ ಅಷ್ಟು ಯಾಕೆ? ಊರಿಗೇ ಊಟವೇ? ಒಬ್ಬಳೇ ಹೇಗೆ ನಾದಿದಳು? ಪ್ರಸಂಗ ಮಾಡುವ ನಾವು ಗಂಡಸರು ಈ ಜಾಗವನ್ನು ದಾಟಿಕೊಂಡು ಹೋಗುತ್ತೇವೆ. ದಿನವೂ ಹಿಟ್ಟು ನಾದುವ ತಾಯಂದಿರೇ, ಅಕ್ಕಂದಿರೇ, ಈ ವಾರ ಆ ಒಂದು ವಚನವನ್ನು ಕೈ ಹಿಟ್ಟಾಗಿರುವಾಗಲೇ ಓದಿಸಿಕೊಳ್ಳಿ. ನಿಮಗೆ ಕಂಡದ್ದನ್ನು ಭಾನುವಾರ ನಿಮ್ಮ ಸಭಾಪಾಲಕರ ಹತ್ತಿರ ಹೋಗಿ ಹೇಳಿ. ಅವರು ಕೇಳಿಸಿಕೊಳ್ಳಲಿ.

ಎಲ್ಲರಿಗೂ ವಂದನೆಗಳು.